ಸನ್ನಡತೆಯ ಕಾಗದಗಳು

ಸಿನಿಮಾದಲ್ಲಿ ಜಡ್ಜು ಸುತ್ತಿಗೆ ಬಡಿದು ಎದ್ದುಬಿಡ್ತಾರೆ, ಅಲ್ವಾ? ಅಷ್ಟು ವರ್ಷ ಬೆಂಚ್ ಕ್ಲರ್ಕ್ ಆಗಿದ್ದೆ, ಒಂದು ಸುತ್ತಿಗೆಯನ್ನೂ ಕಾಣಲಿಲ್ಲ. ದೋಷಿ ಅಂತ ಓದಿದ ಮೇಲೂ ಕೆಲಸ ಬಾಕಿ ಇರುತ್ತೆ. ಶಿಕ್ಷೆ ಬರೆಯುವ ಮೊದಲು ದೋಷಿಯ ಮಾತು ಕೇಳಬೇಕು. ಹಳೇ ಸಿಆರ್‌ಪಿಸಿಯಲ್ಲಿ ಅದು 235(2), ಈಗಿನ ಹೊಸ ಸಂಹಿತೆಯಲ್ಲಿ 258(2). ಅದನ್ನು ಕೇಳದೆ ಗಲ್ಲು ಬರೆದಿದ್ದಕ್ಕೆ 1976ರಲ್ಲಿ ಸಂತಾ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಶಿಕ್ಷೆ ರದ್ದು ಮಾಡಿ ಕಡತ ವಾಪಸು ಕಳಿಸಿತ್ತು. 1980ರ ಬಚನ್ ಸಿಂಗ್ ತೀರ್ಪು ಇನ್ನೂ ಮುಂದೆ ಹೋಗಿ, ಅಪರಾಧದ ಜೊತೆಗೆ ಅಪರಾಧಿಯನ್ನೂ ನೋಡಿ ಅಂದಿತು. ಒಳ್ಳೆಯ ಮಾತು. ಆದರೆ ಅಪರಾಧಿಯನ್ನು ನೋಡುವುದು ಯಾರ ಕಣ್ಣಿನಿಂದ?

ಒಲೆಗೆ ಆ ಕೊಳ್ಳಿ ಸ್ವಲ್ಪ ಒಳಗೆ ನೂಕು, ಹೇಳ್ತೀನಿ.

ನಮ್ಮ ಸೆಷನ್ಸ್ ಕೋರ್ಟಿಗೆ ಒಂದು ಕೇಸು ಬಂದಿತ್ತು. ಆಸಾಮಿ ಊರಿನ ಹಾಲಿನ ಸೊಸೈಟಿ ಅಧ್ಯಕ್ಷ, ಒಂದಷ್ಟು ಅಡಿಕೆ ತೋಟ, ಜಾತ್ರೆ ಬಂದರೆ ಅನ್ನಸಂತರ್ಪಣೆಗೆ ಮುಂದೆ ನಿಲ್ಲುವವನು. ಒಂದು ರಾತ್ರಿ ಕತ್ತಿ ತಗೊಂಡು ಹೆಂಡತಿಯ ಮೇಲೆ ಬೀಸಿದ. ಆಕೆ ಕೈ ಅಡ್ಡ ಕೊಟ್ಟಳು. ಎರಡು ಬೆರಳು ಹೋದವು. ಕೊಲೆ ಯತ್ನ ಅಂತ ಹಳೇ ಐಪಿಸಿಯ 307 ಹಾಕಿದ್ದರು. ಕೊನೆಗೆ ನಿಂತಿದ್ದು 326 ಮತ್ತು ಹೆಂಡತಿಗೆ ಹಿಂಸೆ ಕೊಟ್ಟಿದ್ದಕ್ಕೆ 498ಎ. 326 ಅಂದರೆ ಆಯುಧದಿಂದ ತೀವ್ರ ಗಾಯ. ಹತ್ತು ವರ್ಷದವರೆಗೂ ಕೊಡಬಹುದಿತ್ತು, ಜೀವಾವಧಿಯನ್ನೂ ಕೊಡಬಹುದಿತ್ತು. 2024ರಲ್ಲಿ ಹೊಸ ಕಾನೂನು ಬರುವವರೆಗೆ ಕನಿಷ್ಠ ಇಷ್ಟು ಅಂತ ಇರಲಿಲ್ಲ. ಕೆಳಗೆ ಬಾಗಿಲು ಪೂರ್ತಿ ತೆರೆದೇ ಇತ್ತು. ವಕೀಲರ ವಾದಕ್ಕೆಲ್ಲ ಜಾಗ ಇದ್ದದ್ದು ಅಲ್ಲೇ.

ಶಿಕ್ಷೆಯ ದಿನ ಕೋರ್ಟಿನ ಅಂಗಳದ ತುಂಬ ಜೀಪುಗಳು. ವಕೀಲರು ಮೆಮೊ ಜೊತೆ ಒಂದು ಕಟ್ಟು ಕಾಗದ ಕೊಟ್ಟರು. ನಿವೃತ್ತ ಹೆಡ್‌ಮಾಸ್ತರರದು, ಪಂಚಾಯ್ತಿ ಸದಸ್ಯರದು, ಭಜನಾ ಮಂಡಳಿಯ ನಿರ್ಣಯ, ಮಠದ್ದೊಂದು ಪತ್ರ. ಶಾಲೆಗೆ ಬೆಂಚು ಮಾಡಿಸಿ ಕೊಟ್ಟಿದ್ದಾರೆ, ಯಾರಿಗೂ ಏರುದನಿಯಲ್ಲಿ ಮಾತಾಡಿದವರಲ್ಲ, ಈ ಘಟನೆ ಅವರ ಸ್ವಭಾವಕ್ಕೆ ಹೊಂದುವಂಥದ್ದಲ್ಲ. ನಂಬರು ಹಾಕುತ್ತಾ ಕೂತಿದ್ದ ನನಗೆ ಐದು ಕಾಗದದಲ್ಲಿ 'ಸಜ್ಜನರು' ಅನ್ನುವಲ್ಲಿ 'ಸಜನರು' ಅಂತ ಕಂಡಿತು. ಕೋರ್ಟಿನ ಎದುರಿನ ಡಿಟಿಪಿ ಅಂಗಡಿಯ ಹುಡುಗನ ಕೈಚಳಕ. ಹಾಗಂತ ಎಲ್ಲ ಸುಳ್ಳು ಅಂತ ನಾನು ಹೇಳೋದಿಲ್ಲ. ಬೆಂಚು ನಾನೇ ನೋಡಿದ್ದೆ, ಗಟ್ಟಿ ಹಲಸಿನ ಮರದ್ದು.

ವಕೀಲರು ಪ್ರೊಬೇಷನ್ ಕೇಳಿದರು. "ಜೀವಾವಧಿ ಇರೋ ಸೆಕ್ಷನ್‌ಗೆ 1958ರ ಕಾಯ್ದೆ ಎಲ್ಲಿ ಬರುತ್ತೆ, ವಕೀಲರೇ?" ಅಂದರು ಸಾಹೇಬರು, ತಲೆ ಎತ್ತದೆಯೇ. ಹಾಗಾದರೆ ಆದಷ್ಟು ಕಡಿಮೆ ಮಾಡಿ ಸ್ವಾಮಿ, ಮೊದಲ ಅಪರಾಧ, ಊರಿಗೆ ಬೇಕಾದ ಮನುಷ್ಯ ಅಂತ ಶುರುವಾಯಿತು. ಮೊದಲ ಅಪರಾಧ ಅನ್ನುವುದು ಪೊಲೀಸ್ ಠಾಣೆಯ ಲೆಕ್ಕ. ಆಕೆಯ ಸಾಕ್ಷ್ಯದಲ್ಲಿ ಹಿಂದಿನ ಹೊಡೆತಗಳ ಪಟ್ಟಿ ಉದ್ದವಾಗಿಯೇ ಇತ್ತು. ಯಾವುದೂ ಠಾಣೆಯ ಮೆಟ್ಟಿಲು ಹತ್ತಿರಲಿಲ್ಲ.

ಆಕೆ ಹಿಂದಿನ ಸಾಲಿನಲ್ಲಿ ತಮ್ಮನ ಪಕ್ಕ ಸೆರಗಿನಲ್ಲಿ ಕೈ ಸುತ್ತಿಕೊಂಡು ಕೂತಿದ್ದಳು. ಶಿಕ್ಷೆಯ ಹೊತ್ತಿಗೆ ನೊಂದವರನ್ನು ಕೇಳಲೇಬೇಕು ಅಂತ ಆಗೇನೂ ನಿಯಮ ಇರಲಿಲ್ಲ. ನೊಂದವರ ಹೇಳಿಕೆಗೆ ಈ ಹಂತದಲ್ಲಿ ಬೆಲೆ ಸಿಗಬೇಕು ಅಂತ ಸುಪ್ರೀಂ ಕೋರ್ಟು ಹೇಳಿದ್ದು 2018ರಲ್ಲಿ, ಅದೂ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ. ನಮ್ಮ ಸಾಹೇಬರಿಗೆ ಏನನ್ನಿಸಿತೋ, "ಏನಮ್ಮ, ಇವರೆಲ್ಲ ಬರೆದಿದ್ದು ಕೇಳಿಸ್ಕೊಂಡ್ರಾ? ಹೇಳೋದೇನಾದ್ರೂ ಇದೆಯಾ?" ಅಂದರು.

ಆಕೆ ಎದ್ದು ನಿಂತಳು. "ಸುಳ್ಳೇನಲ್ಲ ಸ್ವಾಮಿ. ಊರಿಗೆ ಒಳ್ಳೆಯವರೇ. ಬರೆದವರೆಲ್ಲ ನಮ್ಮನೆಗೆ ಬಂದೋರೇ. ಕಣ್ಣು ಊದಿಸ್ಕೊಂಡು ನಾನೇ ಕಾಫಿ ಕೊಟ್ಟಿದೀನಿ."

ಹೆಡ್‌ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು. ಮಿಕ್ಕವರು ಏನು ಮಾಡಿದರೋ, ನಾನು ಆ ಕಡೆ ನೋಡಲಿಲ್ಲ. ಸಾಹೇಬರು ಸ್ಟೆನೋಗೆ, "ಅವರು ಹೇಳಿದ ಹಾಗೇ ತಗೊಳ್ಳಿ" ಅಂದರು.

ಅಮೆರಿಕದಲ್ಲೂ ಇಂಥದ್ದೇ ಆಯಿತು, ನಮ್ಮಕ್ಕನ ಮಗ ಅಲ್ಲಿಂದ ಫೋನು ಮಾಡಿ ಹೇಳಿದ್ದ. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್‌ನಲ್ಲಿ ಬ್ರಾಕ್ ಟರ್ನರ್ ಅನ್ನುವ ಈಜುಗಾರ ಹುಡುಗ ಪ್ರಜ್ಞೆ ತಪ್ಪಿದ್ದ ಹೆಣ್ಣಿನ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ್ದು. ಪ್ರಾಸಿಕ್ಯೂಷನ್ ಆರು ವರ್ಷ ಕೇಳಿತ್ತು. 2016ರಲ್ಲಿ ಸಿಕ್ಕಿದ್ದು ಆರು ತಿಂಗಳು, ಒಳಗಿದ್ದದ್ದು ಮೂರು. ಅಲ್ಲೂ ಕಾಗದಗಳೇ. ಮಗನಿಗೆ ಮೊದಲಿನ ಹಾಗೆ ಊಟ ಸೇರುತ್ತಿಲ್ಲ ಅಂತ ಅಪ್ಪ ಬರೆದಿದ್ದನಂತೆ. ಎರಡು ವರ್ಷದ ಮೇಲೆ ಜನ ಮತ ಹಾಕಿ ಆ ಜಡ್ಜನ್ನು ಕೆಳಗಿಳಿಸಿದರು. ಜಡ್ಜುಗಳನ್ನು ಮತ ಹಾಕಿ ಇಳಿಸುವುದು ನನಗೇನೂ ಹಿಡಿಸದು. ನಾಳೆ ಜನರಿಗೆ ಹೆದರಿ ಎಲ್ಲರಿಗೂ ಜಾಸ್ತಿ ಬರೆಯಲು ಶುರುಮಾಡುತ್ತಾರೆ. ಹಾಗೆ ಬರೆದರೆ ಮೊದಲು ಪೆಟ್ಟು ಬೀಳುವುದು ಕಾಗದ ತರಲು ಯಾರೂ ಇಲ್ಲದವನಿಗೆ.

ಅಂಥವನೊಬ್ಬ ಅದೇ ವಾರ ನಮ್ಮಲ್ಲೇ ಇದ್ದ. ರಾಯಚೂರು ಕಡೆಯವನು, ಎಸ್ಟೇಟ್ ಲೈನಿನ ಕೂಲಿ. ಸಂಬಳದ ಜಗಳದಲ್ಲಿ ಜೊತೆಯವನಿಗೆ ಗುದ್ದಲಿಯಲ್ಲಿ ಹೊಡೆದಿದ್ದ, ಅದೂ 326. ಅವನಿಗೆ ಉಚಿತ ಕಾನೂನು ನೆರವಿನ ಹುಡುಗ ವಕೀಲ. ಏನಾದರೂ ಹೇಳ್ತೀಯಾ ಅಂದರೆ, "ಏನಿಲ್ರೀ ಸಾಹೇಬ್ರ, ಮಗಳು ಸಣ್ಣಾಕಿ" ಅಂದ. ಆರ್ಡರ್ ಶೀಟಿನಲ್ಲಿ ಅದು ಒಂದು ಸಾಲೂ ಆಗಲಿಲ್ಲ. ಅವನು ಊರಲ್ಲಿ ಎಂಥವನು, ಯಾರನ್ನು ಸಾಕಿದ್ದ, ಕುಡಿತ ಯಾವಾಗ ಹತ್ತಿತು, ಕೇಳಿಕೊಂಡು ಬರಲು ಯಾರೂ ಹೋಗಲಿಲ್ಲ. ಗಲ್ಲಿನ ಪ್ರಕರಣಗಳಲ್ಲಾದರೂ ಇಂಥ ವಿವರಗಳನ್ನು ಸರ್ಕಾರವೇ ತರಿಸಿ ಕೋರ್ಟಿನ ಮುಂದಿಡಬೇಕು ಅಂತ 2022ರಲ್ಲಿ ಮನೋಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಗುದ್ದಲಿ ಏಟಿನವರೆಗೆ ಅದು ಇಳಿದಿಲ್ಲ.

ಅಧ್ಯಕ್ಷನಿಗೆ ಐದು ವರ್ಷ, ಜೊತೆಗೆ ದಂಡ. ದಂಡದಲ್ಲಿ ಬಹುಪಾಲು ಆಕೆಗೆ. ಆದೇಶದಲ್ಲಿ 'ಸಮಾಜದಲ್ಲಿ ಹೊಂದಿರುವ ಗೌರವವನ್ನು ಪರಿಗಣಿಸಿ' ಅಂತ ಒಂದು ಮಾತೂ ಇತ್ತು. ಕಾಫಿಯ ಮಾತು ಕೇಳಿ ಬರೆಸಿಕೊಂಡವರೇ ಇದನ್ನೂ ಬರೆಸಿದರು. ಸಾಹೇಬರು ಕೆಟ್ಟವರಾಗಿರಲಿಲ್ಲ. ಅಷ್ಟು ಕಾಗದ ಮುಂದಿದ್ದರೆ ಯಾರ ಕೈಯಾದರೂ ಸ್ವಲ್ಪ ಇಳಿಯುತ್ತೆ. ಕೂಲಿಯವನಿಗೆ ಏಳು ವರ್ಷ.

ಅಧ್ಯಕ್ಷನಿಗೆ ಹೈಕೋರ್ಟಿನಲ್ಲಿ ಶಿಕ್ಷೆ ಅಮಾನತಾಗಿ ಜಾಮೀನು ಸಿಕ್ಕಿತು. ಆ ವರ್ಷದ ಜಾತ್ರೆಗೆ ಊರಲ್ಲೇ ಇದ್ದ. ಆಕೆ ತಮ್ಮನ ಮನೆ ಸೇರಿದಳು. ರಾಯಚೂರಿನವನ ಮೇಲ್ಮನವಿ ಹೋಗಿದ್ದರೆ ಕಡತ ಕಳಿಸಿ ಅಂತ ಹೈಕೋರ್ಟಿನ ಪತ್ರ ನನ್ನ ಮೇಜಿಗೇ ಬರಬೇಕಿತ್ತು. ನನಗೆ ವರ್ಗ ಆಗುವವರೆಗೂ ಬರಲಿಲ್ಲ.