ಎರಡನೇ ಕಾರ್ಡು

ಹೊಸ ಕ್ಯಾಮೆರಾ ಅಂದ ಕೂಡಲೇ ನಾವು ಕೇಳೋದು ‘ಎಷ್ಟು ಮೆಗಾಪಿಕ್ಸೆಲ್?’ ಅಂತ. ಕಿರವತ್ತಿಯಲ್ಲಿ ಸ್ಟುಡಿಯೋ ಇಟ್ಟಿರುವ ನನ್ನ ಬಾಲ್ಯದ ಗೆಳೆಯ ಕೇಳೋದೇ ಬೇರೆ: ‘ಕಾರ್ಡು ಎರಡು ಹಿಡೀತದೇನೋ ಮಾರಾಯ?’

ಹಾಗೆ ಕೇಳೋಕೆ ಕಾರಣ ಇದೆ. ಕೆಲವು ವರ್ಷಗಳ ಹಿಂದೆ ಒಂದು ಮದುವೆ ಮುಗಿಸಿ ಬಂದು ಕಂಪ್ಯೂಟರಿಗೆ ಹಾಕಿದರೆ ಕಾರ್ಡು ಓದಲೇ ಇಲ್ಲ. ರಿಕವರಿ ಸಾಫ್ಟ್‌ವೇರ್‌ನಲ್ಲಿ ಸಿಕ್ಕಿದ್ದು ಊಟದ ಪಂಕ್ತಿಯ ಒಂದಷ್ಟು ಫೋಟೋ. ಧಾರೆ ಎರೆದದ್ದು, ತಾಳಿ ಕಟ್ಟಿದ್ದು ಯಾವುದೂ ಇಲ್ಲ. ಅಡ್ವಾನ್ಸ್ ವಾಪಸ್ ಕೊಟ್ಟ, ಕೈಮುಗಿದ. ಆದರೂ ಎರಡು ಸೀಸನ್ ಆ ಕೇರಿಯಿಂದ ಒಬ್ಬರೂ ಅವನನ್ನು ಕರೆಯಲಿಲ್ಲ. ಬೆಂಗಳೂರಲ್ಲಾದರೆ ಒಂದು ಕೆಟ್ಟ ರಿವ್ಯೂ ಕೆಳಗೆ ಸರಿದುಹೋಗುತ್ತೆ. ನಮ್ಮೂರಲ್ಲಿ ಮದುಮಗಳ ಅಪ್ಪ ಬಸ್‌ಸ್ಟ್ಯಾಂಡಿನಲ್ಲಿ ದಿನಾ ಎದುರಿಗೆ ಸಿಗ್ತಾರೆ.

ಹೋದ ವರ್ಷ ಸೊಸೈಟಿಯಲ್ಲಿ ಸಾಲ ತೆಗೆದು ಕ್ಯಾಮೆರಾ ಬದಲಿಸಲು ಹೊರಟಾಗ, ಲೆಕ್ಕ ಹಾಕೋಕೆ ನನ್ನನ್ನು ಕೂರಿಸಿಕೊಂಡ. 24 ಮೆಗಾಪಿಕ್ಸೆಲ್ ಅಂದರೆ 6000 × 4000 ಚುಕ್ಕಿ. ಇಂಚಿಗೆ 300 ಚುಕ್ಕಿಯಂತೆ ಪ್ರಿಂಟ್ ಹಾಕಿದರೆ 20 ಇಂಚು ಅಗಲ, 13 ಇಂಚು ಎತ್ತರ. ಮದುವೆ ಆಲ್ಬಮ್ಮಿನ 12 × 18 ಇಂಚಿನ ಪುಟಕ್ಕೆ ಅಷ್ಟು ಧಾರಾಳವಾಯ್ತು.

ಎರಡನೇ ಕಾರ್ಡಿನ ಚಿಂತೆ ಅವನೊಬ್ಬನದಲ್ಲ. 2018ರಲ್ಲಿ ಬಂದ ಕ್ಯಾನನ್ ಇಒಎಸ್ ಆರ್‌ನಲ್ಲಿ 30 ಮೆಗಾಪಿಕ್ಸೆಲ್ ಇತ್ತು, ಕಾರ್ಡಿಗೆ ಜಾಗ ಒಂದೇ. ಅದೇ ವರ್ಷದ ನಿಕಾನ್ ಝಡ್6 ಕೂಡ ಒಂದೇ ಕಾರ್ಡಿನದು. ಮದುವೆ ಫೋಟೋಗ್ರಾಫರುಗಳು ಗೊಣಗಿದರು. 2020ರಲ್ಲಿ ಬಂದ ಕ್ಯಾನನ್ ಆರ್6ಗೂ ಝಡ್6ರ ಎರಡನೇ ಆವೃತ್ತಿಗೂ ಎರಡೆರಡು ಕಾರ್ಡು. ಆರ್6ನಲ್ಲಿ ಮೆಗಾಪಿಕ್ಸೆಲ್ 20ಕ್ಕೆ ಇಳಿದಿತ್ತು, ಆದರೂ ಜನ ತಗೊಂಡರು.

ಒಂದೇ ಫೋಟೋ ಏಕಕಾಲಕ್ಕೆ ಎರಡೂ ಕಾರ್ಡಿಗೆ ಬರೆಯೋದು ನನ್ನಂಥವನಿಗೆ ಹೊಸದಲ್ಲ. ಆಫೀಸಿನಲ್ಲಿ ಒಂದೇ ಸರ್ವರ್ ನಂಬಿ ಯಾರೂ ನಿದ್ದೆ ಮಾಡಲ್ಲ. ಆದರೆ ನಮ್ಮ ಸರ್ವರ್ ಬಿದ್ದರೆ ರೀಸ್ಟಾರ್ಟ್ ಮಾಡಬಹುದು, ಧಾರೆಯನ್ನು ಇನ್ನೊಮ್ಮೆ ಎರೆಸೋಕಾಗಲ್ಲ.

ಕೊನೆಗೆ ಅವನು ಹೊಸ ಮಾಡೆಲ್ ಬಿಟ್ಟು, ಎರಡು ಕಾರ್ಡು ಹಿಡಿಯುವ ಸೆಕೆಂಡ್ ಹ್ಯಾಂಡ್ ಬಾಡಿ ಎರಡು ತಗೊಂಡ. ಒಂದು ಕೆಟ್ಟರೆ ರಿಪೇರಿಗೆ ಕಲಘಟಗಿ ದಾಟಿ ಹುಬ್ಬಳ್ಳಿಗೆ ಹೋಗಬೇಕು, ಅಲ್ಲಿತನಕ ಮುಹೂರ್ತ ಕಾಯಲ್ಲ. ಉಳಿದ ದುಡ್ಡು ಎಫ್2.8 ಲೆನ್ಸಿಗೆ. ಕಿಟ್ ಲೆನ್ಸಿನ ಎಫ್5.6ಕ್ಕೆ ಹೋಲಿಸಿದರೆ ಅದು ನಾಲ್ಕು ಪಟ್ಟು ಬೆಳಕು ಒಳಗೆ ಬಿಡುತ್ತೆ. ಹೋಮದ ಹೊಗೆ ತುಂಬಿದ ನಡುಮನೆಯಲ್ಲಿ ಬೇಕಾದದ್ದೇ ಅದು. ಮಳೆಗಾಲದಲ್ಲಿ ಲೆನ್ಸಿಗೆ ಫಂಗಸ್ ಹಿಡಿಯದಂತೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡ್ತಾನೆ.

ಸಾಮಾನನ್ನಷ್ಟೇ ನಂಬಿ ಕೂತವನಲ್ಲ. ಮದುವೆಮನೆಯಿಂದ ಹೊರಡುವಾಗ ಒಂದು ಕಾರ್ಡು ಅಂಗಿ ಜೇಬಿನಲ್ಲಿ, ಇನ್ನೊಂದು ಕ್ಯಾಮೆರಾದಲ್ಲೇ. ಎಷ್ಟೇ ರಾತ್ರಿಯಾಗಲಿ, ಹಾರ್ಡ್ ಡಿಸ್ಕಿಗೆ ಕಾಪಿ ಆದಮೇಲೇ ಮಲಗೋದು. ‘ಚೀಲಾನೇ ಕಳೆದ್ರೆ ಎರಡು ಕಾರ್ಡು ಇದ್ದೂ ಏನ್ ಬಂತು?’ ಅಂತಾನೆ.

ಈ ಏಪ್ರಿಲ್‌ನಲ್ಲಿ ಅದೇ ಮನೆಯ ಎರಡನೇ ಮಗಳ ಮದುವೆ ಆಯ್ತು. ಫೋಟೋಕ್ಕೆ ಅವನನ್ನೇ ಕರೆದಿದ್ದರು.

ನಿಮ್ಮ ಮನೆ ಮದುವೆಗೆ ಫೋಟೋಗ್ರಾಫರ್ ಹುಡುಕುವಾಗ ಇನ್‌ಸ್ಟಾಗ್ರಾಂ ನೋಡಿ, ಬೇಡ ಅನ್ನಲ್ಲ. ಜೊತೆಗೆ ಮೂರು ಪ್ರಶ್ನೆ ಕೇಳಿಬಿಡಿ: ಒಂದೇ ಸಲ ಎರಡು ಕಾರ್ಡಿಗೆ ಬರೆಯುತ್ತಾ? ಎರಡನೇ ಬಾಡಿ ಇದೆಯಾ? ಅದೇ ರಾತ್ರಿ ಕಾಪಿ ಮಾಡ್ತೀರಾ? ಉತ್ತರ ತಡವರಿಸಿದರೆ ಅಡ್ವಾನ್ಸ್ ಕೊಡೋ ಮೊದಲು ಇನ್ನೊಬ್ಬರನ್ನು ನೋಡಿ.