ಅಕ್ಕಿಪೇಟೆಯ ಇಕ್ಕಳ

ನಮ್ಮ ಮನೆಗೆ ಒಂದು ಇಕ್ಕಳ ಬೇಕಾಯಿತು. ಒಲೆಯ ಮೇಲಿನ ಪಾತ್ರೆ ಇಳಿಸುವ ಇಕ್ಕಳವಲ್ಲ; ಕಿರುಬೆರಳಿನ ಗಾತ್ರದ ತಾಮ್ರದ ಕೇಬಲ್ಲಿನ ತುದಿಗೆ ಲಗ್ಗು ತೊಡಿಸಿ ಒತ್ತುವ ಕ್ರಿಂಪಿಂಗ್ ಇಕ್ಕಳ. ಕನ್ನಡ ಮೇಷ್ಟರಾಗಿದ್ದು ನಿವೃತ್ತನಾದ ನನಗೆ ಈ ಆಯುಧವೇಕೆ ಎಂಬುದನ್ನು ಮೊದಲು ಹೇಳಬೇಕು.

ನಮ್ಮ ಅಕ್ಕನಿಗೆ 78 ವರ್ಷ. ರಾತ್ರಿ ಮಲಗುವಾಗ ಅವಳ ಮೂಗಿಗೆ ನಳಿಗೆ ಬೇಕು. ಮಂಚದ ಪಕ್ಕದಲ್ಲಿ, ಗಾಳಿಯಿಂದ ಆಮ್ಲಜನಕವನ್ನು ಬೇರ್ಪಡಿಸಿ ಕೊಡುವ ಯಂತ್ರ ಗುಯ್‌ಗುಡುತ್ತಿರುತ್ತದೆ. ಶಿವನಸಮುದ್ರದ ವಿದ್ಯುತ್ತಿನಿಂದ 1905ರಲ್ಲೇ ಬೀದಿ ದೀಪ ಹೊತ್ತಿಸಿಕೊಂಡ ಊರು ನಮ್ಮದು. ಆದರೂ ಮಳೆಗಾಲದ ರಾತ್ರಿ ಕರೆಂಟು ಯಾವಾಗ ಹೋಗುತ್ತದೆಂದು ಪಂಚಾಂಗ ನೋಡಿ ಹೇಳುವಂತಿಲ್ಲ. ಅದಕ್ಕೇ ಇನ್ವರ್ಟರ್. ಬ್ಯಾಟರಿಯ ವಾಸನೆ ಅಕ್ಕನಿಗೆ ಆಗದೆಂದು ಅದನ್ನು ಗೋಡೆಯಾಚೆ, ಮೆಟ್ಟಿಲ ಕೆಳಗಿನ ಗೂಡಿಗೆ ಸಾಗಿಸಿದೆವು. ಹಳೆಯ ಕೇಬಲ್ಲು ಸಾಲಲಿಲ್ಲ. ಕೆಲಸಕ್ಕೆ ಬಂದ ಹುಡುಗ ಹೊಸದನ್ನು ಗೋಡೆಯ ತೂತಿನಲ್ಲಿ ಎಳೆದು, ನಮ್ಮ ರುಬ್ಬುಗುಂಡನ್ನೇ ಅಡಿಗಲ್ಲು ಮಾಡಿಕೊಂಡು ಲಗ್ಗುಗಳನ್ನು ಸುತ್ತಿಗೆಯಿಂದ ಬಡಿದು ಕೂರಿಸಿದ. ಸುತ್ತಿಗೆ ಹುಡುಕಿ ಕೊಟ್ಟವನು ನಾನೇ.

ಮೂರು ತಿಂಗಳಾದ ಮೇಲೆ ಒಂದು ರಾತ್ರಿ, ಕರೆಂಟು ಹೋಗಿ ಗಂಟೆಯಾಗಿರಬೇಕು, ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಗೂಡಿನೊಳಗೆ ಕೈಯಿಟ್ಟರೆ ಲಗ್ಗು ದೋಸೆಯ ಹೆಂಚಾಗಿದೆ. ಇನ್ವರ್ಟರ್ ಆರಿಸದೆ ಗತ್ಯಂತರವಿರಲಿಲ್ಲ. ಮನೆಯಲ್ಲಿ ಸಿಲಿಂಡರು ಇರಲಿಲ್ಲ. ಆ ಬುದ್ಧಿ ಬಂದದ್ದು ಆಮೇಲೆ. ಕರೆಂಟು ಬರುವವರೆಗೆ ಐವತ್ತು ನಿಮಿಷ ಅಕ್ಕ ದಿಂಬಿಗೊರಗಿ ಕುಳಿತು ಒಂದೊಂದೇ ಉಸಿರನ್ನು ಎಣಿಸಿ ಎಳೆದುಕೊಂಡಳು. ನಾನು ಬೀಸಣಿಗೆ ಬೀಸುತ್ತಿದ್ದೆ. ಅವಳು ನನ್ನನ್ನು ಏನೂ ಅನ್ನಲಿಲ್ಲ.

ಬೆಳಗಾಗುತ್ತಲೇ ಸುಟ್ಟ ಲಗ್ಗನ್ನು ಗೇಣುದ್ದ ಕೇಬಲ್ಲಿನೊಡನೆ ಕತ್ತರಿಸಿ ಚೀಲದಲ್ಲಿಟ್ಟುಕೊಂಡು, ಚಾಮರಾಜಪೇಟೆಯಿಂದ ಕಾಟನ್‌ಪೇಟೆಯ ಮೇಲಾಗಿ ಅಕ್ಕಿಪೇಟೆಗೆ ನಡೆದೆ. ಹೆಸರು ಅಕ್ಕಿಯದು, ನಾನು ಹೋದದ್ದು ಕಬ್ಬಿಣಕ್ಕೆ. ಅಂಗಡಿಯ ಯಜಮಾನರು ಲಗ್ಗನ್ನು ತಿರುಗಿಸಿ ನೋಡಿದರು. ಬುಡದಲ್ಲಿ ಹಸಿರು-ನೀಲಿ ಪುಡಿ ಕಟ್ಟಿತ್ತು. “ಆ್ಯಸಿಡ್ ಹಬೆ ಒಳಗೆ ಹೋಗಿ ಮೈಲುತುತ್ತ ಆಗಿದೆ ಸಾರ್,” ಎಂದವರೇ ಗರಗಸದಿಂದ ಅದನ್ನು ಅಡ್ಡಕ್ಕೆ ಸೀಳಿದರು. ಹೊರಗೆ ಅಷ್ಟು ಗಟ್ಟಿಯಾಗಿ ಕಂಡದ್ದರ ಒಳಗೆ ಎಳೆಎಳೆಯ ನಡುವೆಯೂ ಸಂದು! ಬಳಿಕ ತಮ್ಮಲ್ಲಿದ್ದ ಯಂತ್ರದಲ್ಲಿ ಇನ್ನೊಂದು ಲಗ್ಗನ್ನು ಒತ್ತಿ ಸೀಳಿ ತೋರಿಸಿದರು. ಎಳೆಗಳು ಜೇನುಗೂಡಿನ ಕಣ್ಣುಗಳ ಹಾಗೆ ಒಂದಕ್ಕೊಂದು ಒತ್ತರಿಸಿ, ಇಡೀ ಮುಖ ಒಂದೇ ತಾಮ್ರದ ಬಿಲ್ಲೆಯಂತಿತ್ತು.

ಇಷ್ಟು ಸಣ್ಣ ಸಂದಿಗೆ ಅಷ್ಟು ಶಾಖವೇ ಎಂದು ನೀವು ಕೇಳಬಹುದು; ನಾನೂ ಕೇಳಿದೆ. ಅಕ್ಕನ ಯಂತ್ರ, ಫ್ಯಾನು, ದೀಪ ಎಲ್ಲ ಸೇರಿ 600 ವಾಟ್ ಎನ್ನಿ. 230 ವೋಲ್ಟಿನ ತಂತಿಯಲ್ಲಿ ಅದು ಎರಡೂವರೆ ಆಂಪಿಯರಿಗೆ ತುಸು ಮೇಲೆ. 12 ವೋಲ್ಟಿನ ಬ್ಯಾಟರಿಯಲ್ಲಿ 50 ಆಂಪಿಯರು. ಶಾಖ ಆಂಪಿಯರಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಕೂಡಿಕೆಯಲ್ಲಿ 0.01 ಓಮ್ ತಡೆಯಿದ್ದರೂ 50ರ ವರ್ಗದಿಂದ ಗುಣಿಸಿ ನೋಡಿ: 25 ವಾಟ್! ರೇಡಿಯೋ ರಿಪೇರಿಯವನ ಸಣ್ಣ ಬೆಸುಗೆ ಕಡ್ಡಿ ಅಷ್ಟೇ ಇರುತ್ತದೆ. ಬೆಸುಗೆ ಹಾಕಿಸಿದರೆ ಸಾಲದೇ ಎಂಬ ನನ್ನ ಮುಂದಿನ ಪ್ರಶ್ನೆ ಅಲ್ಲಿಗೇ ಸತ್ತಿತು. ಕೂಡಿಕೆ ಸಡಿಲವಾದ ದಿನ ಅದು ತನ್ನ ಬೆಸುಗೆಯನ್ನು ತಾನೇ ಕರಗಿಸಿಕೊಂಡೀತು.

ಯಜಮಾನರು ಮೂರು ಸಾಮಾನು ಮುಂದಿಟ್ಟರು. ಮೊದಲನೆಯದು ಲಗ್ಗನ್ನಿಟ್ಟು ಮೇಲಿಂದ ಬಡಿಯುವ ಕಬ್ಬಿಣದ ಅಚ್ಚು. ಅಗ್ಗ, ಆದರೆ ಸುತ್ತಿಗೆಯ ಸಹವಾಸ ನನಗೆ ಸಾಕಾಗಿತ್ತು. ಎರಡನೆಯದು ಎರಡಡಿ ಹಿಡಿಯ ಇಕ್ಕಳ. ಒಳ್ಳೆಯದೇ, ಆದರೆ ಅದನ್ನು ಅಗಲಿಸಿದರೆ ನಮ್ಮ ಗೂಡಿನಲ್ಲಿ ಇಕ್ಕಳವಿರಬೇಕು ಇಲ್ಲವೇ ನಾನಿರಬೇಕು. ಇಲ್ಲೇ ಒತ್ತಿಸಿಕೊಂಡು ಹೋಗೋಣವೆಂದರೆ ಲಗ್ಗಿನ ಅಗಲವಾದ ಕಿವಿ ಗೋಡೆಯ ತೂತಿನಲ್ಲಿ ತೂರದು. ತೂತು ದೊಡ್ಡದು ಮಾಡಹೋಗಿ ಗಾರೆಗೋಡೆಯನ್ನೇ ಇಳಿಸಿಕೊಂಡವರನ್ನು ನಾನು ಬಲ್ಲೆ. ಉಳಿದದ್ದು ಮೂರನೆಯದು, ಹೈಡ್ರಾಲಿಕ್. ನೆಲದ ಮೇಲಿಟ್ಟು ಹಿಡಿಯನ್ನು ಸ್ವಲ್ಪ ಸ್ವಲ್ಪವೇ ಒತ್ತುತ್ತ ಹೋದರೆ ಎಣ್ಣೆಯ ಬಲದಿಂದ ಅಚ್ಚುಗಳು ಕೂಡುತ್ತವೆ. ಜೊತೆಗೆ ಡಬ್ಬಿ ತುಂಬ ಆರು ಮೂಲೆಯ ಅಚ್ಚುಗಳು, ಒಂದೊಂದರ ಮೇಲೂ ಅಂಕಿ.

ನಾನು ದುಡ್ಡು ತೆಗೆಯುತ್ತಿದ್ದೆ, ಅವರು ತಡೆದರು. “ಅಂಕಿ ನಂಬಬೇಡಿ ಸಾರ್. ಲಗ್ಗಿನ ತಗಡು ಒಬ್ಬೊಬ್ಬರದು ಒಂದೊಂದು ದಪ್ಪ.” 25 ಸ್ಕ್ವೇರ್ ಎಂದು ಬರೆದ ಕೇಬಲ್ಲು, 25ರ ಲಗ್ಗು, 25ರ ಅಚ್ಚು ಮೂರನ್ನೂ ಕೂಡಿಸಿ ನನ್ನೆದುರೇ ಒತ್ತಿದರು. ಅಚ್ಚು ಚಿಕ್ಕದಾದರೆ ತಾಮ್ರ ಎರಡೂ ಬದಿಗೆ ರೆಕ್ಕೆಯಾಗಿ ಉಬ್ಬುತ್ತದಂತೆ. ದೊಡ್ಡದಾದರೆ ಅಚ್ಚಿನ ಎರಡು ಮುಖ ಕೂಡಿದ ಮೇಲೂ ತಂತಿ ಕಿತ್ತುಬರುತ್ತದೆ. ಲಗ್ಗನ್ನು ಮೇಜಿನ ಇಕ್ಕಟ್ಟಿಗೆ ಸಿಕ್ಕಿಸಿ “ಎಳೀರಿ” ಎಂದರು. ಕಾಲು ಕೊಟ್ಟು ಎಳೆದೆ. ಬರಲಿಲ್ಲ. ಆಮೇಲೆಯೇ ದುಡ್ಡು ತೆಗೆದುಕೊಂಡರು. ನಾಲ್ಕು ಲಗ್ಗಿಗಾಗಿ ಇಷ್ಟು ಬೆಲೆಯೇ ಎಂದು ಮನೆಯಲ್ಲಿ ಕೇಳಿದರು. ನಾನು ಬೆಲೆಯಲ್ಲಿ ಕಾಲುಭಾಗ ಮುಚ್ಚಿಟ್ಟೇ ಹೇಳಿದ್ದೆ.

ಮೊನ್ನೆ ರಾತ್ರಿ ಮತ್ತೆ ಕರೆಂಟು ಹೋಯಿತು. ಅಕ್ಕನ ಯಂತ್ರ ಗುಯ್‌ಗುಡುತ್ತಲೇ ಇತ್ತು. ಗಂಟೆ ಕಳೆದ ಮೇಲೆ ಗೂಡಿನ ಮುಂದೆ ಕುಕ್ಕುರುಗಾಲಲ್ಲಿ ಕುಳಿತು ನಾಲ್ಕು ಲಗ್ಗನ್ನೂ ಕೈಬೆನ್ನಿನಿಂದ ಮುಟ್ಟಿ ನೋಡುತ್ತಿದ್ದೆ.

“ಏನೋ ಅದು, ಕತ್ತಲೇಲಿ?” ಒಳಗಿನಿಂದ ಅಕ್ಕ ಕೂಗಿದಳು.

“ಬಿಸಿ ಇದೆಯಾ ನೋಡ್ತಿದೀನಿ ಅಕ್ಕ.”

“ಇಷ್ಟು ಹೊತ್ತಿನಲ್ಲಿ ಕಾಫೀನಾ? ಇದ್ದರೆ ನನಗೂ ಅರ್ಧ ಲೋಟ ತಾ.”