ಎಲ್ಲಕ್ಕೂ ಏಳಿಂಚು

1980ರ ದಶಕದಲ್ಲಿ ಬೆಂಗಳೂರಿನ ಕಾರು ಪೇಂಟಿಂಗ್ ಶೆಡ್ಡುಗಳಲ್ಲಿ ‘ಪ್ಯಾಡ್ ಯಾವ ಸೈಜು?’ ಎಂದು ಯಾರೂ ಕೇಳುತ್ತಿರಲಿಲ್ಲ. ಇದ್ದದ್ದೇ ಒಂದು ಸೈಜು, ಏಳಿಂಚು. ನಾನು ಕೆಲಸ ಕಲಿತ ವಿಲ್ಸನ್ ಗಾರ್ಡನ್ನಿನ ಶೆಡ್ಡಿನಲ್ಲಿ ಆ ಏಳಿಂಚಿನ ಕರಿ ರಬ್ಬರ್ ತಟ್ಟೆಗೆ ಎರಡು ಪಾಳಿ ದುಡಿಮೆ. ಬೆಳಿಗ್ಗೆ ಅದಕ್ಕೆ ಸ್ಯಾಂಡಿಂಗ್ ಡಿಸ್ಕ್ ಬಿಗಿದು ಟಿಂಕರ್ ತನ್ನ ಕೆಲಸ ಮುಗಿಸುತ್ತಿದ್ದ. ಮಧ್ಯಾಹ್ನ ಅದೇ ತಟ್ಟೆಗೆ ಉಣ್ಣೆಯ ಟೊಪ್ಪಿ ತೊಡಿಸಿ ನಾವು ಬಫ್ ಹೊಡೆಯುತ್ತಿದ್ದೆವು. ಟೊಪ್ಪಿಯ ಅಂಚಿನೊಳಗೆ ಪೈಜಾಮದ ಲಾಡಿಯ ಹಾಗೆ ದಾರ ಓಡುತ್ತಿತ್ತು. ಎಳೆದು ಗಂಟು ಹಾಕಿ, ಗಂಟನ್ನು ಸ್ಕ್ರೂಡ್ರೈವರ್ ತುದಿಯಿಂದ ಉಣ್ಣೆಯೊಳಗೆ ತುರುಕಬೇಕು. ತುರುಕದೆ ಬಿಟ್ಟರೆ ದಾರದ ತುದಿ ಹೊರಬಿದ್ದು ಬಾಗಿಲ ಮೇಲೆಲ್ಲ ಗೆರೆ ಎಳೆಯುತ್ತಿತ್ತು.

ತಟ್ಟೆಯ ನಡುವೆ ಅದನ್ನು ಹಿಡಿದಿಡುವ ಚಪ್ಪಟೆ ನಟ್ಟೊಂದು ಇತ್ತು. ಉಣ್ಣೆ ಹೊಸದಿರುವ ತನಕ ಅದು ಒಳಗಿದೆ ಎಂದೇ ಗೊತ್ತಾಗದು. ಸವೆದ ಟೊಪ್ಪಿ ಹಾಕಿ ಮೆಷಿನನ್ನು ನೆಟ್ಟಗೆ ಒತ್ತಿದರೆ ಮಾತ್ರ ನಟ್ಟಿನ ಗುರುತು ಪೇಂಟಿಗೆ ಬೀಳುತ್ತಿತ್ತು. ಹಾಗಾಗಿ ಮೆಷಿನನ್ನು ತುಸು ಓರೆ ಹಿಡಿದು, ಅಂಚಿನ ಒಂದೆರಡು ಇಂಚಿನಲ್ಲೇ ಕೆಲಸ ತೆಗೆಯುವುದು ರೂಢಿ. ಹೆಸರಿಗೆ ಏಳಿಂಚು, ಗಾಡಿಗೆ ತಾಗುತ್ತಿದ್ದದ್ದು ಅಂಗೈಯಗಲ. ಹಳಬರು ಇದನ್ನು ಕೈಚಳಕ ಅನ್ನುತ್ತಾರೆ. ಚಳಕ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಅದು ನಟ್ಟಿನಿಂದ ತಪ್ಪಿಸಿಕೊಳ್ಳುವ ಚಳಕ.

ಅಷ್ಟರಲ್ಲೇ ಕೆಲಸ ಸಾಗುತ್ತಿತ್ತು, ಯಾಕೆಂದರೆ ಪೇಂಟು ತಡೆದುಕೊಳ್ಳುತ್ತಿತ್ತು. ಬೋರ್ಡಿನ ಮೇಲೆ ‘ಡ್ಯೂಕೋ ಪೇಂಟಿಂಗ್’ ಎಂದು ಬರೆದಿದ್ದ ಅಂಥ ಶೆಡ್ಡುಗಳಲ್ಲಿ ಅಂಬಾಸಿಡರಿಗೂ ಪದ್ಮಿನಿಗೂ ಹೊಡೆಯುತ್ತಿದ್ದದ್ದು ಎನ್.ಸಿ. ಪೇಂಟು, ನೈಟ್ರೋಸೆಲ್ಯುಲೋಸ್ ಲ್ಯಾಕರ್. ಅದು ಗನ್ನಿನಿಂದ ಬಿದ್ದು ಒಣಗಿದಾಗ ಹೊಳಪೇ ಇರುವುದಿಲ್ಲ. ಕೋಟಿನ ಮೇಲೆ ಕೋಟು ಹೊಡೆದು, ವಾಟರ್ ಪೇಪರ್ ಎಳೆದು, ಕಾಂಪೌಂಡ್ ಹಾಕಿ ಉಜ್ಜಿದ ಮೇಲೆ ಹೊಳಪು ಏಳಬೇಕು. ಅಂದರೆ ಉಜ್ಜಿ ಕಳೆಯುವುದಕ್ಕೆಂದೇ ಹೆಚ್ಚು ಪೇಂಟು ಹೊಡೆದಿರುತ್ತಿದ್ದರು. ಮೇಲಿಂದ ಕೆಳಗಿನವರೆಗೆ ಬಣ್ಣ ಒಂದೇ ಆದ್ದರಿಂದ ಎಷ್ಟು ಹೋಗುತ್ತಿದೆ ಎನ್ನುವುದನ್ನು ಟೊಪ್ಪಿಯೇ ಹೇಳುತ್ತಿತ್ತು. ಕರಿ ಗಾಡಿಗೆ ಉಣ್ಣೆ ಕರಿಯಾಗುತ್ತಿತ್ತು, ನೀಲಿಗೆ ನೀಲಿ. ಬೂದು ಬಣ್ಣದ ಪ್ರೈಮರ್ ಇಣುಕಿದರೆ ಮೇಸ್ತ್ರಿ ಒಂದು ಬೈಗುಳ ಬೈದು ಗನ್ ತರಿಸುತ್ತಿದ್ದರು. ಎನ್.ಸಿ. ಬೇಗ ಒಣಗುತ್ತದೆ. ಟೀ ಕುಡಿದು ಬರುವುದರೊಳಗೆ ತೇಪೆ ಆಗಿರುತ್ತಿತ್ತು, ಗಿರಾಕಿಗೆ ಸುದ್ದಿಯೇ ಮುಟ್ಟುತ್ತಿರಲಿಲ್ಲ.

ಅಂಬಾಸಿಡರಿನ ಮೈಯೆಲ್ಲ ಉಬ್ಬು. ಆದರೆ ಅವು ಅಗಲವಾದ, ನಿಧಾನವಾಗಿ ಬಾಗುವ ಉಬ್ಬುಗಳು. ಏಳಿಂಚಿನ ಉಣ್ಣೆ ಅವುಗಳ ಮೇಲೆ ಹೊರಳಿಕೊಂಡು ಹೋಗುತ್ತಿತ್ತು. ಹೆಡ್‌ಲೈಟಿನ ಸುತ್ತ, ಬಾಗಿಲ ಹಿಡಿಯ ಹಿಂದೆ, ಗ್ರಿಲ್ಲಿನ ಪಕ್ಕ ಮೆಷಿನ್ ಹೋಗುತ್ತಿರಲಿಲ್ಲ. ಅಲ್ಲಿ ಬನಿಯನ್ ಬಟ್ಟೆ ಸುತ್ತಿಕೊಂಡು ಕೈಯಲ್ಲಿ ಉಜ್ಜಬೇಕು. ನಮ್ಮ ಕಾಲದ ಮೂರಿಂಚಿನ ಪ್ಯಾಡ್ ಎಂದರೆ ಹೊಸ ಹುಡುಗನ ಹೆಬ್ಬೆರಳು.

ಮಾರುತಿ 800 ರಸ್ತೆಗೆ ಬಂದದ್ದು 1983ರ ಡಿಸೆಂಬರಿನಲ್ಲಿ. ಅದರಿಂದ ಬಫಿಂಗ್ ಕೆಲಸದಲ್ಲಿ ದೊಡ್ಡ ವ್ಯತ್ಯಾಸವೇನೂ ಆಗಲಿಲ್ಲ, ಗಾಡಿ ಚಿಕ್ಕದಾಯಿತು ಅಷ್ಟೆ. ವ್ಯತ್ಯಾಸವಾದದ್ದು 1990ರ ದಶಕದ ನಡುವಿನಲ್ಲಿ, ಎಸ್ಟೀಮ್, ಸಿಯೆಲೊ ಮೊದಲಾದವು ಮೆಟಾಲಿಕ್ ಬಣ್ಣ ಹೊತ್ತು ಬರತೊಡಗಿದಾಗ. ಬಣ್ಣ ಕೆಳಗೆ, ಅದರ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್. ಈಗಿನ ಕಾರುಗಳ ಫ್ಯಾಕ್ಟರಿ ಪೇಂಟಿನ ಒಟ್ಟು ದಪ್ಪ ಸುಮಾರಾಗಿ 100ರಿಂದ 140 ಮೈಕ್ರಾನ್, ಅದರಲ್ಲಿ ಕ್ಲಿಯರಿನ ಪಾಲು 40-50. ಇದನ್ನು ಎಷ್ಟು ಉಜ್ಜಿದರೂ ಪ್ಯಾಡಿನ ಮೇಲೆ ಕಾಣುವುದು ಬಿಳಿ ಕಾಂಪೌಂಡ್ ಮಾತ್ರ. ಕ್ಲಿಯರ್ ಅರ್ಧ ಹೋದರೂ ಬಿಳಿ, ಪೂರ್ತಿ ಹೋಗುವ ಹೊತ್ತಿಗೂ ಬಿಳಿ. ಪ್ಯಾಡಿನಲ್ಲಿ ಗಾಡಿಯ ಬಣ್ಣ ಕಂಡಿತು ಎಂದರೆ ಕಥೆ ಮುಗಿಯಿತು. ಟೀ ಕುಡಿಯುವಷ್ಟರಲ್ಲಿ ಆಗುವ ತೇಪೆಯಲ್ಲ ಅದು, ಪ್ಯಾನೆಲ್ ಪೂರ್ತಿ ಮತ್ತೆ ಹೊಡೆಯಬೇಕು. ಸೈಜಿನ ಪ್ರಶ್ನೆ ಹುಟ್ಟಿದ್ದು ಇಲ್ಲಿಂದ. ಕಲೆ ಸೂಕ್ಷ್ಮವಾಯಿತು ಎಂದೇನಲ್ಲ, ತಪ್ಪಿನ ಬೆಲೆ ಏರಿತು.

ಲೆಕ್ಕ ಹೀಗಿದೆ. ನೇರ ತಿರುಗುವ ರೋಟರಿ ಮೆಷಿನ್ ನಿಮಿಷಕ್ಕೆ 1500 ಸುತ್ತು ಸುತ್ತುವಾಗ ಏಳಿಂಚಿನ ಪ್ಯಾಡಿನ ಅಂಚು ಸೆಕೆಂಡಿಗೆ ಸುಮಾರು 14 ಮೀಟರ್ ಓಡುತ್ತದೆ. ಅದೇ ಸುತ್ತಿನಲ್ಲಿ ಮೂರಿಂಚಿನದರ ಅಂಚು ಓಡುವುದು 6 ಮೀಟರ್. ನಡುವಿನ ಭಾಗ ಎರಡರಲ್ಲೂ ಹೆಚ್ಚುಕಡಿಮೆ ನಿಂತೇ ಇರುತ್ತದೆ. ದೊಡ್ಡ ಪ್ಯಾಡಿನ ಹೊರ ಅಂಚು ಬಾನೆಟ್ಟಿನ ಮಡಿಕೆಯ ಮೇಲೋ ಬಂಪರಿನ ಮೂಲೆಯ ಮೇಲೋ ಕ್ಷಣಕಾಲ ನಿಂತರೆ ಸಾಕು. ಮಡಿಕೆಗಳ ಮೇಲೆ ಪೇಂಟು ಮೊದಲೇ ತೆಳ್ಳಗೆ ಕೂತಿರುತ್ತದೆ. ಬಂಪರಿನ ಪ್ಲಾಸ್ಟಿಕ್ ತಗಡಿನಂತೆ ಶಾಖವನ್ನು ಹರಡಿಬಿಡುವುದಿಲ್ಲ. ಹಾಗೆಂದು ಚಿಕ್ಕ ಪ್ಯಾಡು ಸಾಧು ಎಂದುಕೊಳ್ಳುವುದೂ ತಪ್ಪು. ಮೂರಿಂಚಿನ ಪ್ಯಾಡಿನ ವಿಸ್ತೀರ್ಣ ಆರಿಂಚಿನದರ ಕಾಲು ಭಾಗ. ಕೈಯ ಒತ್ತು ಅಷ್ಟೇ ಇದ್ದರೆ ಒಂದೊಂದು ಚದರ ಇಂಚಿನ ಮೇಲೆ ಬೀಳುವ ಭಾರ ನಾಲ್ಕು ಪಟ್ಟು. ಆರಿಂಚಿನ ಮೆಷಿನ್ ಹಿಡಿದು ಪಳಗಿದವನು ಅದೇ ತೋಳುಬಲದಲ್ಲಿ ಚಿಕ್ಕದನ್ನು ಒತ್ತಿದರೆ ಸಣ್ಣ ಜಾಗದಲ್ಲಿ ಗುಳಿ ತೋಡಿದ ಲೆಕ್ಕ.

ಮೊದಮೊದಲು ಚಿಕ್ಕ ತಟ್ಟೆ ಹುಡುಕುವುದೇ ಒಂದು ಪಾಡು. ಜೆ.ಸಿ. ರಸ್ತೆಯಲ್ಲಿ ಸೀಟ್ ಕವರ್, ಹಾರ್ನ್, ಮ್ಯಾಟು ಏನು ಬೇಕಾದರೂ ಸಿಗುತ್ತಿತ್ತು, ಮೂರಿಂಚಿನ ಬ್ಯಾಕಿಂಗ್ ಪ್ಲೇಟ್ ಕೇಳಿದರೆ ಅಂಗಡಿಯವನು ನಮ್ಮ ಮುಖ ನೋಡುತ್ತಿದ್ದ. ಎಸ್.ಪಿ. ರಸ್ತೆಯ ಟೂಲ್ಸ್ ಅಂಗಡಿಗಳಲ್ಲಿ ಗ್ರೈಂಡರಿನದು ಸಿಗುತ್ತಿತ್ತು, ಆದರೆ ನಾಲ್ಕಿಂಚಿನ ಗ್ರೈಂಡರಿನ ಮರೆ, ಅಂದರೆ ಥ್ರೆಡ್ಡು, ಎಂ10, ಪಾಲಿಶಿಂಗ್ ಮೆಷಿನಿನದು ಎಂ14. ಅಮೆರಿಕದಲ್ಲಿರುವ ನೆಂಟರ ಕೈಲಿ ತರಿಸಿಕೊಂಡವರದ್ದು ಇನ್ನೊಂದು ಗೋಳು. ಅಲ್ಲಿನ ರೋಟರಿಗಳ ಮರೆ ಐದೆಂಟಾಂಶ ಇಂಚು, ಅಂದರೆ 16 ಮಿಲಿಮೀಟರಿಗೆ ಕೂದಲೆಳೆ ಕಡಿಮೆ. ನಮ್ಮ 14ರ ಸ್ಪಿಂಡಲಿಗೆ ಅದನ್ನು ಹಾಕಿದರೆ ಕೂತಂತೆ ಕಾಣುತ್ತದೆ, ಹಿಡಿಯುವುದಿಲ್ಲ. ಅಂಥದನ್ನು ತಿರುಗಿಸಲು ಹೋಗಬಾರದು. ಇವತ್ತೂ ಆನ್‌ಲೈನಿನಲ್ಲಿ ತಟ್ಟೆ ತರಿಸುವವರು ಇಂಚು ನೋಡುತ್ತಾರೆ, ಮರೆ ನೋಡುವುದಿಲ್ಲ.

2010ರ ಆಸುಪಾಸಿನಲ್ಲಿ ಡಿ.ಎ., ಅಂದರೆ ಡ್ಯುಯಲ್ ಆ್ಯಕ್ಷನ್ ಮೆಷಿನುಗಳು ಇಲ್ಲಿ ಕಾಣಿಸಿಕೊಂಡವು. ನಮ್ಮಂಥ ಹಳಬರು ಮೊದಲು ನಕ್ಕೆವು. ಇದರಲ್ಲಿ ಮೋಟಾರು ತಟ್ಟೆಯನ್ನು ನೇರವಾಗಿ ತಿರುಗಿಸುವುದಿಲ್ಲ. ಅಕ್ಷದಿಂದ ತುಸು ಬದಿಗೆ ಸರಿದ ಬೇರಿಂಗಿನ ಮೇಲೆ ತಟ್ಟೆ ತನ್ನ ಪಾಡಿಗೆ ತಾನು ಸುತ್ತುತ್ತಾ, ಜೊತೆಗೆ ಸಣ್ಣ ವೃತ್ತದಲ್ಲಿ ಓಲಾಡುತ್ತದೆ. ಹೆಚ್ಚು ಒತ್ತಿದರೆ, ಉಬ್ಬಿನ ಮೇಲೆ ಓರೆ ಹಿಡಿದರೆ, ಸುತ್ತು ನಿಂತು ಬರೀ ನಡುಕ ಉಳಿಯುತ್ತದೆ. ಪೇಂಟು ಸುಡದಿರಲು ಕಾರಣ ಇದೇ, ಕೆಲಸ ಆಗದಿರಲು ಕಾರಣವೂ ಇದೇ. ಅದಕ್ಕೆ ತಟ್ಟೆಯ ಅಂಚಿನ ಮೇಲೆ ಮಾರ್ಕರಿನಿಂದ ಒಂದು ಗೀಟು ಎಳೆದುಕೊಳ್ಳಬೇಕು. ಗೀಟು ಸುತ್ತುವುದು ಕಣ್ಣಿಗೆ ಕಾಣುತ್ತಿದ್ದರೆ ಕೆಲಸ ನಡೆಯುತ್ತಿದೆ, ನಿಂತಿದ್ದರೆ ಕರೆಂಟು ದಂಡ.

ಏಳಿಂಚಿನ ಅಭ್ಯಾಸದವರು ಎಡವಿದ್ದು ಇಲ್ಲಿ. ಎಂಟು ಮಿಲಿಮೀಟರ್ ಓಲಾಟದ ಮೆಷಿನಿಗೆ ದಪ್ಪ ಸ್ಪಂಜಿನ ದೊಡ್ಡ ಪ್ಯಾಡು ಅಂಟಿಸಿ, ಬೇಗ ಮುಗಿಯಲಿ ಎಂದು ಒತ್ತಿದರು. ಪ್ಯಾಡು ನಿಂತಿತು, ಮೆಷಿನಿಗೆ ಬೈದರು. ದೊಡ್ಡ ಪ್ಯಾಡಿಗೆ ತಿಕ್ಕಾಟ ಹೆಚ್ಚು, ದಪ್ಪ ಸ್ಪಂಜು ಓಲಾಟವನ್ನು ತನ್ನೊಳಗೇ ನುಂಗಿಕೊಳ್ಳುತ್ತದೆ. ಅದೇ ಮೆಷಿನಿಗೆ ಐದಿಂಚಿನ ತಟ್ಟೆ, ಐದೂವರೆಯ ತೆಳು ಪ್ಯಾಡು ಹಾಕಿದರೆ ಕೆಲಸ ಬೇಗ ಮುಗಿಯುತ್ತದೆ. ದೊಡ್ಡ ತಟ್ಟೆಗೆ ದೊಡ್ಡ ಓಲಾಟ ಬೇಕು. ಇಟಲಿಯ ರೂಪೆಸ್ ಕಂಪನಿ ತನ್ನ ಬಿಗ್‌ಫೂಟ್ ಸಾಲಿನಲ್ಲಿ 21 ಮಿಲಿಮೀಟರ್ ಓಲಾಟದ ಮಾದರಿಗೆ ಆರಿಂಚಿನ ತಟ್ಟೆ ಕೊಟ್ಟಿತು, 15ರದಕ್ಕೆ ಐದಿಂಚಿನದು. ಆದರೆ 21ರ ಓಲಾಟ ಎಂದರೆ ಆರೂವರೆ ಇಂಚಿನ ಪ್ಯಾಡು ಗಾಡಿಯ ಮೇಲೆ ಗುಡಿಸುವುದು ಏಳು ಇಂಚಿಗೂ ಮೀರಿದ ಜಾಗ. ರಿಯರ್ ವ್ಯೂ ಕನ್ನಡಿಯ ಬುಡದಲ್ಲಿ, ನಂಬರ್ ಪ್ಲೇಟಿನ ಗುಂಡಿಯಲ್ಲಿ ಅದಕ್ಕೆ ಪ್ರವೇಶವಿಲ್ಲ.

ತಟ್ಟೆ ಬದಲಿಸಿದರೆ ಸಾಲದೇ, ಆರಿಂಚು ಬಿಚ್ಚಿ ಮೂರಿಂಚು ಹಾಕಿದರಾಯಿತಲ್ಲ ಎಂದು ಕೇಳುವವರು ಬಹಳ. ರೋಟರಿಯಲ್ಲಿ ಆಗುತ್ತದೆ. ಡಿ.ಎ.ಯಲ್ಲಿ ಆಗದು. ತಟ್ಟೆ, ಪ್ಯಾಡು ಎರಡರ ತೂಕಕ್ಕೆ ಸರಿಯಾಗಿ ಒಳಗೆ ಒಂದು ಎದುರುತೂಕ ಕೂರಿಸಿರುತ್ತಾರೆ. ತಟ್ಟೆ ಹಗುರವಾದರೆ ಆ ಲೆಕ್ಕ ತಪ್ಪಿ ಮೆಷಿನ್ ಕೈಯನ್ನೇ ಅದುರಿಸುತ್ತದೆ, ಸಂಜೆಗೆ ಬೆರಳು ಜೋಮು ಹಿಡಿಯುತ್ತವೆ. ಕೆಲವು ಮೆಷಿನಿನ ಜೊತೆ ಬದಲಿ ಎದುರುತೂಕ ಬರುತ್ತದೆ. ಬರದಿದ್ದರೆ ಮೂರಿಂಚಿಗೆ ಬೇರೆ ಸಣ್ಣ ಮೆಷಿನೇ ಆಗಬೇಕು.

ಪ್ಯಾಡು ತಟ್ಟೆಗಿಂತ ಎಷ್ಟು ದೊಡ್ಡದಿರಬೇಕು ಎನ್ನುವುದು ಹುಡುಗರು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ. ಸುತ್ತ ಅರ್ಧ ಬೆರಳು ಹೊರಗೆ ಇದ್ದರೆ ಸಾಕು. ಎರಡೂ ಸಮ ಇದ್ದರೆ ಮಡಿಕೆಯ ಹತ್ತಿರ ತಟ್ಟೆಯ ಗಟ್ಟಿ ಅಂಚು ಪೇಂಟಿಗೆ ಬಡಿಯುತ್ತದೆ, ಪ್ಯಾಡನ್ನು ಕೂದಲೆಳೆ ಆಚೀಚೆ ಅಂಟಿಸಿದರೂ ಸಾಕು. ಪ್ಯಾಡು ಬಹಳ ಹೊರಚಾಚಿದರೆ ಆಧಾರವಿಲ್ಲದ ಅಂಚು ಜೋತಾಡುತ್ತದೆ, ಒತ್ತಡವೆಲ್ಲ ನಡುವಿಗೆ ಬಿದ್ದು ಶಾಖ ಏರಿ ವೆಲ್ಕ್ರೋದ ಕೊಕ್ಕೆಗಳು ಕರಗುತ್ತವೆ. ಹಾಳಾದ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ. ಅಂಚಿನ ಕೊಕ್ಕೆಗಳು ನೆಟ್ಟಗಿರುತ್ತವೆ, ನಡುವಿನವು ಮಲಗಿ ಹೊಳೆಯುತ್ತಿರುತ್ತವೆ. ಪೊಟ್ಟಣದ ಮೇಲೆ 150/180 ಎಂದು ಅಚ್ಚಾಗಿದ್ದರೆ ಬೆನ್ನು 150, ಮುಖ 180 ಮಿಲಿಮೀಟರ್ ಎಂದು ಓದಿಕೊಳ್ಳಬೇಕು. ತಟ್ಟೆಗೆ ಹೊಂದಬೇಕಾದದ್ದು ಬೆನ್ನು. ಮುಖದ ಅಗಲಕ್ಕೆ ಮರುಳಾಗಿ ಕೊಂಡ ಪ್ಯಾಡುಗಳು ಎಷ್ಟೋ ಸ್ಟುಡಿಯೋಗಳ ಕಪಾಟಿನಲ್ಲಿ ಸುಮ್ಮನೆ ಕೂತಿವೆ.

ಸ್ಟುಡಿಯೋ ಎಂದೆ. ಈಗ ಶೆಡ್ಡು ಎನ್ನುವ ಹಾಗಿಲ್ಲ. ನೆಲಕ್ಕೆ ಎಪಾಕ್ಸಿ, ಛಾವಣಿಗೆ ಷಡ್ಭುಜಾಕೃತಿಯ ಎಲ್‌ಇಡಿ, ಹುಡುಗರ ಕೈಯಲ್ಲಿ ಪೇಂಟಿನ ದಪ್ಪ ಅಳೆಯುವ ಮೀಟರು. ನನಗೆ ಇದರ ಮೇಲೆ ಸಿಟ್ಟಿಲ್ಲ. ನಮ್ಮ ಟ್ಯೂಬ್‌ಲೈಟಿನ ಕೆಳಗೆ ಕನ್ನಡಿಯಂತೆ ಕಂಡ ಗಾಡಿ ಬಿಸಿಲಿಗೆ ಹೋದರೆ ಮೈತುಂಬ ಸುರುಳಿ ಸುರುಳಿ ಗೆರೆ. ಅದನ್ನು ಆಗ ಯಾರೂ ತಪ್ಪು ಅನ್ನುತ್ತಿರಲಿಲ್ಲ. ಈಗಿನ ಬೆಳಕಿನಲ್ಲಿ ಅದನ್ನು ಗಿರಾಕಿಯೇ ಬೆರಳಿಟ್ಟು ತೋರಿಸುತ್ತಾನೆ. ಸೆರಾಮಿಕ್ ಕೋಟಿಂಗಿಗೆ ದುಡ್ಡು ಸುರಿದ ಗಾಡಿಯನ್ನು ಮರುದಿನ ಬೆಳಿಗ್ಗೆ ಅಪಾರ್ಟ್‌ಮೆಂಟಿನ ಗಾಡಿ ತೊಳೆಯುವವನು ಒಂದೇ ಬಕೆಟ್ಟು, ಒಂದೇ ಬಟ್ಟೆಯಲ್ಲಿ, ಹತ್ತು ಗಾಡಿಗಳ ಧೂಳಿನ ಸಮೇತ ಒರೆಸುತ್ತಾನೆ ಎನ್ನುವುದು ಬೇರೆ ಮಾತು.

ನನ್ನ ತಕರಾರು ಇರುವುದು ಸೆಟ್ಟುಗಳ ಬಗ್ಗೆ. ಒಂದಿಂಚಿನಿಂದ ಏಳಿಂಚಿನವರೆಗೆ ತಟ್ಟೆ, ಎಲ್ಲ ಬಣ್ಣದ ಸ್ಪಂಜು, ಎಲ್ಲ ಒಂದೇ ಡಬ್ಬಿಯಲ್ಲಿ. ಒಂದಿಂಚಿನದು ಎಲ್ಲರಿಗೂ ಬೇಕಾದದ್ದಲ್ಲ. ಪಿಯಾನೋ ಬ್ಲ್ಯಾಕ್ ಪಿಲ್ಲರಿನ ಸಂದಿ, ಹಿಡಿಯ ಹಿಂದಿನ ಉಗುರು ಗೀರು ಮೊದಲಾದ ಕೆಲಸ ದಿನವೂ ಬರುವವರು ಮಾತ್ರ ಕೊಳ್ಳಲಿ. ಆರಿಂಚಿನದು ಇನ್ನೋವಾ, ಫಾರ್ಚುನರ್ ಸಾಲಾಗಿ ನಿಲ್ಲುವ ಕಡೆ ದುಡ್ಡು ಹುಟ್ಟಿಸುತ್ತದೆ, ಸ್ವಿಫ್ಟು ವ್ಯಾಗನ್ಆರ್ ಬರುವ ಕಡೆ ಮೂಲೆ ಸೇರುತ್ತದೆ. ಏಳಿಂಚನ್ನು ನಾನು ಬಿಟ್ಟಾಗಿದೆ.

ಹೊಸದಾಗಿ ಕೆಲಸ ಶುರುಮಾಡುವವರು ಮೊದಲು ತಟ್ಟೆ ಗೊತ್ತು ಮಾಡಿಕೊಳ್ಳಿ, ಪ್ಯಾಡು ಆಮೇಲೆ. ಹದಿನೈದರ ಓಲಾಟದ ಮೆಷಿನಿಗೆ ಐದಿಂಚಿನ ತಟ್ಟೆ, ಅದಕ್ಕೆ ಹೊಂದುವ ಐದೂವರೆ ಇಂಚಿನ ಪ್ಯಾಡು ಅರ್ಧ ಡಜನ್. ಒಂದು ಬಿಸಿಯಾದಾಗ ಇನ್ನೊಂದು ಕೈಗೆ ಸಿಗಬೇಕು. ದುಡ್ಡು ಕೂಡಿದ ಮೇಲೆ ಮೂರಿಂಚಿನ ಸಣ್ಣ ಮೆಷಿನ್. ನಮ್ಮೂರಿನ ರಸ್ತೆಗಳಲ್ಲಿ ಓಡುವ ಹೆಚ್ಚಿನ ಗಾಡಿಗಳಿಗೆ ಇವೆರಡು ಸಾಕು. ಮತ್ತೆ ತಟ್ಟೆ ಕೊಳ್ಳಲು ಹೋಗುವಾಗ ಹಳೆಯದನ್ನು ಮೆಷಿನಿನಿಂದ ಬಿಚ್ಚಿ ಜೊತೆಗೆ ತೆಗೆದುಕೊಂಡು ಹೋಗಿ, ಮರೆಗೆ ಮರೆ ಅಂಗಡಿಯಲ್ಲೇ ಹೊಂದಿಸಿ ನೋಡಿ, ಆಮೇಲೆ ದುಡ್ಡು ಕೊಡಿ.